ಕೊರಡು ಪಾತ್ರೆಯಾಗುವ ಬಗೆ

ಕನ್ನಡದಲ್ಲಿ ‘ಕಡೆ’ ಎಂಬ ಒಂದು ಕ್ರಿಯಾಪದವಿದೆ. ಮನೆಯೊಳಗೆ ಅದು ಮೊಸರಿಗೆ ಸಂಬಂಧಿಸಿದ್ದು, ಮಜ್ಜಿಗೆ ಕಡೆಯುತ್ತೇವೆ. ಹೊಸ್ತಿಲು ದಾಟಿದೊಡನೆ ಅದೇ ಮಾತು ಶಿಲ್ಪಿಯ ಕೈಗೆ ಹೋಗುತ್ತದೆ. ಅವನು ವಿಗ್ರಹವನ್ನು ಕಡೆಯುತ್ತಾನೆ. ನೆರೆಯ ತಮಿಳು ಮತ್ತು ಮಲೆಯಾಳಗಳಲ್ಲಿ ಇದೇ ಧಾತುವಿಗೆ ಇನ್ನೂ ಒಂದು ಅರ್ಥವುಂಟು. ತಿರುಗಣೆಗೆ ಮರವನ್ನು ಸಿಕ್ಕಿಸಿ, ತಿರುಗಿಸಿ, ಉಳಿಯಿಂದ ದುಂಡಗೆ ಮಾಡುವುದೂ ಅಲ್ಲಿ ಕಡೆಯುವುದೇ. ನಾವೂ ಚಾಲುಕ್ಯರ ದೇಗುಲಗಳ ಮುಂದೆ ನಿಂತಾಗ ‘ತಿರುಗಣೆಯಲ್ಲಿ ಕಡೆದ ಕಂಬಗಳು’ ಎನ್ನುತ್ತೇವೆ. ಮೊಸರು, ಕಲ್ಲು, ಮರ ಈ ಮೂರನ್ನೂ ಒಂದೇ ಧಾತು ಹೇಗೆ ಆಳುತ್ತದೆ ಎಂದು ತರಗತಿಯಲ್ಲಿ ವಿದ್ಯಾರ್ಥಿಗಳು ಕೇಳುತ್ತಿದ್ದುದುಂಟು. ಕೋಶವನ್ನು ತೆರೆದು ಕುಳಿತರೆ ಇದಕ್ಕೆ ಉತ್ತರ ಸುಲಭವಾಗಿ ಸಿಕ್ಕದು. ಹಳೆಯ ತಿರುಗಣೆಯೊಂದರ ಬಳಿ ಸ್ವಲ್ಪ ಹೊತ್ತು ನಿಂತರೆ ಸಿಕ್ಕುತ್ತದೆ.

ಹಳೆಯ ತಿರುಗಣೆಗೆ ಚಕ್ರವಿರಲಿಲ್ಲ. ನೆಲದಲ್ಲಿ ಹೂತ ಎರಡು ಗೂಟಗಳು, ಗೂಟಕ್ಕೊಂದರಂತೆ ಎರಡು ಕಬ್ಬಿಣದ ಮೊನೆಗಳು, ಆ ಮೊನೆಗಳ ನಡುವೆ ಸಿಕ್ಕಿಕೊಂಡ ಮರದ ತುಂಡು, ಅದಕ್ಕೆ ಸುತ್ತು ಹಾಕಿದ ಒಂದು ಹಗ್ಗ, ಇಷ್ಟೇ ಅದರ ಸಂಪತ್ತು. ಹಗ್ಗದ ಒಂದು ತುದಿಯನ್ನು ಎಳೆದರೆ ಮರ ಇತ್ತ ತಿರುಗುತ್ತದೆ. ಇನ್ನೊಂದು ತುದಿಯನ್ನು ಎಳೆದರೆ ಅತ್ತ ತಿರುಗುತ್ತದೆ. ಕಡಗೋಲಿಗೆ ಹಗ್ಗ ಸುತ್ತಿ ಮಜ್ಜಿಗೆ ಕಡೆಯುವ ಚಲನೆಯೂ ಇದೇ. ಕಡಗೋಲಿನ ಬದಲು ಕೊರಡು, ಗಡಿಗೆಯ ಕಂಬದ ಬದಲು ಮೊನೆ, ಬೆಣ್ಣೆಯ ಬದಲು ಆಕಾರ. ಭಾಷೆ ಎರಡು ಕೆಲಸಗಳಿಗೆ ಒಂದು ಹೆಸರನ್ನು ಇಟ್ಟದ್ದು ಕವಿಕಲ್ಪನೆಯಿಂದಲ್ಲ, ಕಣ್ಣಿಗೆ ಕಂಡ ಸತ್ಯದಿಂದ. ಇನ್ನೊಂದು ಸೊಗಸನ್ನೂ ಇಲ್ಲಿ ಗಮನಿಸಬಹುದು. ಮನೆಯ ಕಡಗೋಲೇ ಅನೇಕ ವೇಳೆ ತಿರುಗಣೆಯಿಂದ ಇಳಿದು ಬಂದದ್ದು. ಹಗ್ಗದ ಎಳೆತದಲ್ಲಿ ತಿರುಗುತ್ತ ಹುಟ್ಟಿದ ಕೋಲು, ಬಾಳಿನುದ್ದಕ್ಕೂ ಹಗ್ಗದ ಎಳೆತದಲ್ಲಿ ತಿರುಗುತ್ತಲೇ ಇರುತ್ತದೆ.

ಈ ಉಪಾಯ ಬಹಳ ಹಳೆಯದು. ಒಂದೇ ನಾಡಿನದೂ ಅಲ್ಲ. ಈಜಿಪ್ಟಿನಲ್ಲಿ ಕ್ರಿಸ್ತಪೂರ್ವ 300ರ ಸುಮಾರಿಗೆ ಸೇರಿದ ಪೆಟೋಸಿರಿಸ್ ಎಂಬ ಅರ್ಚಕನ ಸಮಾಧಿಯಿದೆ. ಅದರ ಗೋಡೆಯ ಮೇಲೆ ಇಬ್ಬರು ಆಳುಗಳ ಚಿತ್ರವನ್ನು ಬಿಡಿಸಿದ್ದಾರೆ. ಒಬ್ಬ ಪಟ್ಟಿಯನ್ನು ಎಳೆಯುತ್ತಾನೆ, ಇನ್ನೊಬ್ಬ ಉಳಿಯನ್ನು ಒತ್ತಿ ಹಿಡಿದಿದ್ದಾನೆ. ತಿರುಗಣೆಗೆ ಸಿಕ್ಕ ಅತ್ಯಂತ ಹಳೆಯ ಚಿತ್ರಗಳಲ್ಲಿ ಇದೊಂದೆಂದು ವಿದ್ವಾಂಸರು ಹೇಳುತ್ತಾರೆ. ನಮ್ಮ ನಾಡಿನಲ್ಲಿ ತಿರುಗಣೆಯ ಕೌಶಲ ಕಲ್ಲಿನ ಮೇಲೆ ತನ್ನ ಗುರುತನ್ನು ಉಳಿಸಿದೆ. ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ದೇವಾಲಯದ ಕಂಬಗಳನ್ನು ನೋಡಿದವರು ಅವುಗಳ ನುಣುಪಾದ ಸುತ್ತುಗೆರೆಗಳನ್ನು ಮರೆಯಲಾರರು. ಲಕ್ಕುಂಡಿಯಲ್ಲೂ ಅಂಥವು ಇವೆ. ಅಷ್ಟು ದೊಡ್ಡ ಕಲ್ಲನ್ನು ನಿಲ್ಲಿಸಿ ತಿರುಗಿಸಿದರೋ, ಮಲಗಿಸಿ ತಿರುಗಿಸಿದರೋ ಎಂಬ ಚರ್ಚೆ ಪಂಡಿತರಿಗೆ ಇರಲಿ. ಬಳಪದ ಜಾತಿಯ ಆ ಕಲ್ಲು ಗಣಿಯಿಂದ ಬಂದ ಹೊಸದರಲ್ಲಿ ಮೆತ್ತಗಿದ್ದು, ಗಾಳಿಗೆ ಒಡ್ಡಿಕೊಂಡಂತೆ ಗಡುಸಾಗುತ್ತದೆ ಎಂಬ ಒಂದು ಮಾತನ್ನು ಮಾತ್ರ ಮನಸ್ಸಿನಲ್ಲಿ ಇಟ್ಟುಕೊಳ್ಳೋಣ. ಹಸಿಯಿರುವಾಗ ಕಡೆಯಬೇಕು ಎಂಬುದು ಕಲ್ಲಿಗೂ ಮರಕ್ಕೂ ಸಮಾನವಾದ ನಿಯಮ.

ಮರದ ತಿರುಗಣೆ ಎಂದೊಡನೆ ಎಲ್ಲರ ನೆನಪಿಗೂ ಬರುವ ಊರು ಚನ್ನಪಟ್ಟಣ. ಅಲ್ಲಿ ಹಾಲುಬಿಳುಪಿನ ಆಲೆಮರವನ್ನು ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ಉಜ್ಜಾಟದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೇದಗೆ ಜಾತಿಯ ಎಲೆಯಿಂದ ತೀಡಿದಾಗ ಹೊಳಪು ಬರುತ್ತದೆ. 2005-06ರ ಸಾಲಿನಲ್ಲಿ ಈ ಗೊಂಬೆಗಳಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆಯಿತು. ಕುಂಕುಮದ ಭರಣಿ, ಬಳೆ, ಬುಗುರಿ, ಗಿಲಕಿ, ಇವು ಚನ್ನಪಟ್ಟಣದ ಸೃಷ್ಟಿ. ಆದರೆ ಆಲೆಮರದ ಕಾಂಡ ಸಣ್ಣದು. ಅಂಗೈಯಲ್ಲಿ ಹಿಡಿಯುವ ಪಾತ್ರೆಗೆ ಅದು ಸಾಕು. ಆಳೊಬ್ಬ ಎರಡು ತೋಳಿನಿಂದ ಅಪ್ಪಬೇಕಾದ ಕೊರಡನ್ನು ಕಡೆದು ಒಳಗನ್ನು ಟೊಳ್ಳು ಮಾಡುವ ಕೆಲಸದ ಕಷ್ಟವೇ ಬೇರೆ. ಆ ಕಷ್ಟವನ್ನು ನಾನು ಮೊದಲು ಕಂಡದ್ದು ಗೊಂಬೆಯ ಊರಿನಲ್ಲಿ ಅಲ್ಲ, ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಸೀಮೆಯ ರಾರಾವಿಯಲ್ಲಿ. ಪಾತ್ರೆಯ ರೂಪದಲ್ಲೂ ಅಲ್ಲ, ಗಾಡಿಯ ಗಾಲಿಯ ಗುಂಬದ ರೂಪದಲ್ಲಿ.

ರಾರಾವಿಯ ಹತ್ತಿರ ಹರಿಯುವ ಹೊಳೆ ವೇದಾವತಿ. ನಮ್ಮ ಕಡೆಯ ಜನರ ಬಾಯಲ್ಲಿ ಅದು ಹಗರಿ. ಚಂದ್ರದ್ರೋಣ ಪರ್ವತದಲ್ಲಿ ಹುಟ್ಟಿ, ಮಾರಿಕಣಿವೆಯ ಕಟ್ಟೆಯನ್ನು ದಾಟಿ ಬರುವ ಈ ಹೊಳೆ ನಮ್ಮಲ್ಲಿಗೆ ಮುಟ್ಟುವ ಹೊತ್ತಿಗೆ ವರುಷದ ಬಹುಭಾಗ ನೀರಿಗಿಂತ ಹೆಚ್ಚಾಗಿ ಮರಳನ್ನೇ ಹೊತ್ತಿರುತ್ತದೆ. ದಂಡೆಯಾಚೆ ಎರೆಭೂಮಿ. ಎರೆಯ ಬದುಗಳಲ್ಲಿ ಕರಿಜಾಲಿ. ಜಾಲಿಯ ಚೇಗು ಗಟ್ಟಿಯಾದದ್ದು, ಭಾರವಾದದ್ದು. ಏಟಿಗೆ ಬೇಗ ಸೀಳದು. ಆದ್ದರಿಂದ ಗಾಲಿಯ ನಡುವಿನ ಗುಂಬಕ್ಕೆ ಜಾಲಿಯೇ ಆಗಬೇಕು ಎಂಬುದು ನಮ್ಮ ಬಡಿಗರ ನಿರ್ಣಯ. ಗುಂಬ ಎಂದರೇನು? ಒಂದು ಕೊರಡನ್ನು ದುಂಡಗೆ ಕಡೆದು, ನಡುವೆ ಉದ್ದಕ್ಕೂ ಟೊಳ್ಳು ಮಾಡಿ, ಹೊಟ್ಟೆಯ ಸುತ್ತಲೂ ಅರಗಳಿಗೆ ತೂತು ತೆಗೆದ ಒಂದು ಮರದ ಒಡಲು. ಒಳಗಿನ ಟೊಳ್ಳಿನಲ್ಲಿ ಅಚ್ಚು ಕೂರುತ್ತದೆ. ಹೊರಗಿನ ತೂತುಗಳಲ್ಲಿ ಅರಗಳು ನಾಟಿಕೊಳ್ಳುತ್ತವೆ. ಗಾಡಿಯ ಭಾರವೆಲ್ಲ ಕೊನೆಗೆ ಬಂದು ನಿಲ್ಲುವುದು ಆ ಟೊಳ್ಳಿನ ಸುತ್ತ ಉಳಿದ ಮರದ ಗೋಡೆಯ ಮೇಲೆ.

ಆ ಗೋಡೆ ಬಿರಿದರೆ ಏನಾಗುತ್ತದೆ ಎಂಬುದನ್ನು ನಮ್ಮೂರಿನ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಭತ್ತದ ಚೀಲಗಳನ್ನು ಹೇರಿದ ಗಾಡಿ ಹಗರಿಯ ಮರಳಿಗೆ ಇಳಿಯುವಾಗ ಗಾಲಿಗಳು ಹೂತುಕೊಳ್ಳುತ್ತವೆ, ಎತ್ತುಗಳು ಮಂಡಿಯೂರುತ್ತವೆ, ಗುಂಬಗಳು ನರಳುತ್ತವೆ. ಮೇಲಿನ ಸೀಮೆಯಲ್ಲಿ ಮಳೆಯಾಗಿ ನೀರು ಬರುವ ಸೂಚನೆ ಇರುವ ದಿನ ನಡುಹೊಳೆಯಲ್ಲಿ ಒಂದು ಗುಂಬ ಸೀಳಿತೆಂದರೆ, ಹೋಗುವುದು ಭತ್ತ ಮಾತ್ರವಲ್ಲ. ಆದುದರಿಂದ ಬಡಿಗರ ಅಂಗಳದಲ್ಲಿ ಮಲಗಿದ್ದ ಕೊರಡಿನ ಬಗ್ಗೆ ಊರಿಗೆ ಊರೇ ಆಸಕ್ತಿ ತಾಳಿತ್ತು. ಯಾವ ಬದುವಿನ ಜಾಲಿ, ಎಂದು ಕಡಿದದ್ದು, ಎಷ್ಟು ತಿಂಗಳು ನೀರಿನಲ್ಲಿ ಮುಳುಗಿಸಿದ್ದು ಎಂದು ರೈತರು ನಿಂತು ವಿಚಾರಿಸುತ್ತಿದ್ದರು. ಕೊರಡಿನ ಎರಡು ತುದಿಗಳಿಗೂ ಸಗಣಿ ಮತ್ತು ಮಣ್ಣನ್ನು ಕಲಸಿ ದಪ್ಪನಾಗಿ ಮೆತ್ತಿರುತ್ತಿದ್ದರು. ಮರಕ್ಕೆ ಏಕೆ ಈ ಲೇಪನ ಎಂದು ಬಾಲ್ಯದಲ್ಲಿ ನನಗೆ ಸೋಜಿಗವಾಗಿತ್ತು. ಕಾರಣವನ್ನು ಈಗ ವಿಜ್ಞಾನದ ಮಾತಿನಲ್ಲಿ ಹೇಳಬಹುದು. ಆದರೆ ಉಪಾಯ ವಿಜ್ಞಾನಕ್ಕಿಂತ ಹಳೆಯದು.

ಹೊಸದಾಗಿ ಕಡಿದ ಮರದಲ್ಲಿ ನೀರು ಎರಡು ಬಗೆಯಾಗಿ ಇರುತ್ತದೆ. ಮರದ ಸೂಕ್ಷ್ಮ ಕೋಶಗಳ ಪೊಳ್ಳಿನಲ್ಲಿ ತುಂಬಿಕೊಂಡ ನೀರು ಒಂದು. ಕೋಶದ ಗೋಡೆಯೊಳಗೆ ಇಂಗಿಕೊಂಡ ನೀರು ಇನ್ನೊಂದು. ಒಗೆದ ಬಟ್ಟೆಯನ್ನು ನೆನೆಯಿರಿ. ಹಿಂಡಿದಾಗ ಸುರಿದು ಹೋಗುವ ನೀರು ಮೊದಲನೆಯ ಬಗೆ. ಹಿಂಡಿದ ಮೇಲೂ ಬಟ್ಟೆಯನ್ನು ಒದ್ದೆಯಾಗಿ ಇಡುವ ನೀರು ಎರಡನೆಯ ಬಗೆ. ಮೊದಲನೆಯದು ಹೋದರೆ ಮರ ಹಗುರವಾಗುತ್ತದೆ, ಕುಗ್ಗುವುದಿಲ್ಲ. ಒಣಮರದ ತೂಕಕ್ಕೆ ಹೋಲಿಸಿ ನೀರು ನೂರಕ್ಕೆ 25ರಿಂದ 30ರ ಮಟ್ಟಕ್ಕೆ ಇಳಿದ ಮೇಲೆ ಎರಡನೆಯ ಬಗೆಯ ನೀರು ಹೊರಡತೊಡಗುತ್ತದೆ. ಆಗ ಮರ ಕುಗ್ಗುತ್ತದೆ. ಕುಗ್ಗುವುದೂ ಎಲ್ಲ ದಿಕ್ಕಿಗೂ ಒಂದೇ ಸಮನಾಗಿ ಅಲ್ಲ. ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೆ ಬಾರದಷ್ಟು ಸ್ವಲ್ಪ. ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದು ಅದಕ್ಕಿಂತ ಬಹಳ ಹೆಚ್ಚು. ತಿರುಳನ್ನು ಬಳಸಿ ಸುತ್ತಿನ ದಿಕ್ಕಿನಲ್ಲಿ ಕುಗ್ಗುವುದು ಅದರ ಸುಮಾರು ಎರಡು ಪಟ್ಟು. ಹೀಗಿರುವಾಗ ಇಡೀ ಕೊರಡಿನ ಒಳಗೆ ಒಂದು ಜಗಳ ಹುಟ್ಟದೆ ಇರದು. ಹೊರಸುತ್ತು ಕಿರಿದಾಗಬೇಕೆನ್ನುತ್ತದೆ, ಒಳಗಿನ ಮರ ಅಷ್ಟು ಕಿರಿದಾಗಲು ಎಡೆ ಕೊಡುವುದಿಲ್ಲ. ಕೊನೆಗೆ ತೊಗಟೆಯಿಂದ ತಿರುಳಿನವರೆಗೆ ಬೆಣೆಯಾಕಾರದ ಒಂದು ಬಿರುಕು ಬಿಟ್ಟು ಆ ಜಗಳ ತೀರುತ್ತದೆ. ತುದಿಗಳಿಂದ ನೀರು ಬಹುಬೇಗ ಹೊರಡುವುದರಿಂದ ಬಿರುಕು ತುದಿಯಲ್ಲೇ ಮೊದಲು ಕಾಣುತ್ತದೆ. ಬೇಸಗೆಯಲ್ಲಿ 40 ಡಿಗ್ರಿಯನ್ನು ದಾಟುವ ಬಳ್ಳಾರಿಯ ಬಿಸಿಲಿನಲ್ಲಿ ಇದಕ್ಕೆ ಕಾಯಬೇಕಾಗಿಯೂ ಇಲ್ಲ. ಸಗಣಿ ಮಣ್ಣಿನ ಲೇಪ ಆ ನೀರಿಗೆ ಹಾಕಿದ ಕಟ್ಟೆ.

ಲೇಪ ಕಾಲವನ್ನು ಗಳಿಸಿಕೊಡುತ್ತದೆ, ಜಗಳವನ್ನು ತೀರಿಸುವುದಿಲ್ಲ. ತೀರಿಸುವ ಉಪಾಯ ಒಂದೇ: ಒಳಗಿನ ಮರವನ್ನು ತೆಗೆದುಬಿಡುವುದು. ತಿರುಳು ಹೋದರೆ ಹೊರಸುತ್ತಿಗೆ ಅಡ್ಡಿಯಿಲ್ಲ. ಅದು ತನ್ನ ಇಚ್ಛೆಯಂತೆ ಕುಗ್ಗಿಕೊಳ್ಳಬಹುದು. ಟೊಳ್ಳು ಮಾಡಿದ ಮರ ಗಟ್ಟಿಮರಕ್ಕಿಂತ ಬಿರುಕಿಗೆ ಕಡಮೆ ತುತ್ತಾಗುತ್ತದೆ ಎಂಬ ಈ ಮಾತು ಕೇಳುವುದಕ್ಕೆ ವಿಪರೀತವೆನಿಸಿದರೂ ಬಡಿಗರ ಅಂಗಳದಲ್ಲಿ ನಿತ್ಯದ ಅನುಭವ. ಆದುದರಿಂದಲೇ ದೊಡ್ಡ ಪಾತ್ರೆಯನ್ನು ಕಡೆಯುವವನು ಮರ ಒಣಗಲಿ ಎಂದು ಕಾಯುತ್ತ ಕೂರುವುದಿಲ್ಲ. ಹಸಿಯಿರುವಾಗಲೇ ಹೊರಗನ್ನು ದುಂಡಗೆ ಮಾಡಿ, ಒಳಗನ್ನು ಬಗೆದು, ಗೋಡೆಯನ್ನು ಬೇಕಾದದ್ದಕ್ಕಿಂತ ದಪ್ಪವಾಗಿ ಉಳಿಸುತ್ತಾನೆ. ಅಡ್ಡಳತೆಯ ಹತ್ತನೆಯ ಒಂದು ಪಾಲಿನಷ್ಟು ದಪ್ಪ ಎಂಬುದು ಕೈವಾಡಿಕೆಯ ಲೆಕ್ಕ. ಆಮೇಲೆ ಅದನ್ನು ನೆರಳಿನಲ್ಲಿ, ಮರದ ಹೊಟ್ಟಿನೊಳಗೆ ಹುದುಗಿಸಿ, ತಿಂಗಳುಗಟ್ಟಲೆ ಮರೆತುಬಿಡುತ್ತಾನೆ. ಮರಳಿ ತೆಗೆದಾಗ ದುಂಡಗಿದ್ದ ಬಾಯಿ ಮೊಟ್ಟೆಯಾಕಾರ ತಾಳಿರುತ್ತದೆ. ಉಳಿಸಿಟ್ಟ ಆ ದಪ್ಪ ಈಗ ಉಪಯೋಗಕ್ಕೆ ಬರುತ್ತದೆ. ಎರಡನೆಯ ಸಲ ತಿರುಗಣೆಗೆ ಏರಿಸಿ ಸೊಟ್ಟವನ್ನು ತಿದ್ದಿ ತೆಳುವು ಮಾಡುತ್ತಾನೆ. ಒಂದು ಪಾತ್ರೆ ಎರಡು ಬಾರಿ ಹುಟ್ಟುತ್ತದೆ. ನಡುವಿನ ಕಾಲ ಮರದ ಸ್ವಂತದ್ದು.

ಇನ್ನು ಕೆಲಸದ ಕ್ರಮ. ಕೊರಡು ಮೊದಲು ಕೊಡಲಿ ಮತ್ತು ಬಾಚಿಗಳ ಕೈಯಲ್ಲಿ ಮೂಲೆಗಳನ್ನು ಕಳೆದುಕೊಳ್ಳಬೇಕು. ತೂಕ ಎಲ್ಲ ಕಡೆಗೂ ಸಮವಾಗಿಲ್ಲದ ಕೊರಡನ್ನು ತಿರುಗಿಸಿದರೆ ಅದು ತಿರುಗಣೆಯನ್ನೇ ಕಿತ್ತೊಗೆಯುತ್ತದೆ. ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. 45 ಸೆಂಟಿಮೀಟರ್ ಅಡ್ಡಳತೆ, 60 ಸೆಂಟಿಮೀಟರ್ ಉದ್ದದ ಕೊರಡು ಸುಮಾರು 95 ಲೀಟರಿನಷ್ಟು ಎಡೆಯನ್ನು ತುಂಬುತ್ತದೆ. ಹಸಿಮರ ನೀರಿನಷ್ಟೇ ತೂಕವೆಂದು ಇಟ್ಟುಕೊಂಡರೂ 95 ಕಿಲೋ ಆಯಿತು. ಅದು ನಿಮಿಷಕ್ಕೆ 300 ಸುತ್ತು ತಿರುಗಿದರೆ ಅದರ ಹೊರಮೈ ಸೆಕೆಂಡಿಗೆ 7 ಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಮೊನೆಯಿಂದ ಕಳಚಿಕೊಂಡ ಅಂಥ ಕೊರಡಿನ ಎದುರು ಯಾವ ಮನುಷ್ಯನೂ ನಿಲ್ಲಲಾರ. ಆದುದರಿಂದ ಆರಂಭದಲ್ಲಿ ವೇಗ ಕಡಮೆ, ಉಳಿಯ ಕಚ್ಚು ಸಣ್ಣದು, ಕೆಲಸಗಾರ ನಿಲ್ಲುವುದು ಕೊರಡಿನ ನೇರಕ್ಕಲ್ಲ, ಒಂದು ಮಗ್ಗುಲಿಗೆ. ಕೊರಡು ದುಂಡಗಾದಂತೆ ನಡುಕ ಅಡಗುತ್ತದೆ, ಸದ್ದು ಒಂದೇ ಸಮನಾಗುತ್ತದೆ. ಆಗ ಹೊಟ್ಟೆ, ಭುಜ, ಕೊರಳು ಎಂದು ಆಕಾರ ಮೂಡತೊಡಗುತ್ತದೆ. ಪಾತ್ರೆಯ ಅಂಗಗಳಿಗೆ ನಮ್ಮ ದೇಹದ ಹೆಸರುಗಳನ್ನೇ ಇಟ್ಟಿದ್ದೇವೆ. ಬಾಯಿ, ಕೊರಳು, ಹೊಟ್ಟೆ, ತಳ. ಕುಂಬಾರನಿಗೂ ಬಡಿಗನಿಗೂ ಇವು ಸಮಾನ.

ಕುಂಬಾರನಿಗೂ ಬಡಿಗನಿಗೂ ಇರುವ ಭೇದವನ್ನೂ ಇಲ್ಲೇ ಹೇಳಬೇಕು. ಕುಂಬಾರ ಮಣ್ಣನ್ನು ಎತ್ತುತ್ತಾನೆ. ತಪ್ಪಿದರೆ ಮುದ್ದೆ ಮಾಡಿ ಮತ್ತೆ ಎತ್ತಬಲ್ಲ. ಬಡಿಗ ಕಳೆಯುತ್ತಾನೆ, ಕಳೆದದ್ದು ಮರಳಿ ಕೂಡದು. ಹೊರಮೈಯ ತಪ್ಪನ್ನು ಇನ್ನಷ್ಟು ಕಡೆದು ಮರೆಸಬಹುದು, ಒಳಮೈಯ ತಪ್ಪಿಗೆ ಪರಿಹಾರವಿಲ್ಲ. ಒಳಗಿನ ಕೆಲಸ ಹೇಗೆ ನಡೆಯುತ್ತದೆ? ಮೊದಲು ಬೈರಿಗೆಯಿಂದ ಬಾಯಿಯ ನಟ್ಟನಡುವೆ, ಬೇಕಾದ ಆಳದವರೆಗೆ ಒಂದು ರಂಧ್ರ. ಆ ರಂಧ್ರ ತಿರುಳನ್ನು ತೆಗೆಯುತ್ತದೆ, ಆಳದ ಅಳತೆಯನ್ನೂ ಕೊಡುತ್ತದೆ. ಆಮೇಲೆ ಉದ್ದ ಹಿಡಿಯ, ತುದಿ ಬಾಗಿದ ಉಳಿ ಬಾಯಿಯೊಳಗೆ ಹೋಗಿ, ನಡುವಿನಿಂದ ಗೋಡೆಯ ಕಡೆಗೆ ಬಗೆಯುತ್ತ ಸಾಗುತ್ತದೆ. ಉಳಿಗೆ ಆಸರೆ ಇರುವುದು ಬಾಯಿಯ ಹೊರಗಿನ ಅಡ್ಡಪಟ್ಟಿ. ಅದರ ತುದಿ ಕಚ್ಚುತ್ತಿರುವುದು ಒಂದೂವರೆ ಅಡಿ ಒಳಗೆ. ಅಲ್ಲಿ ಮರ ಕೊಟ್ಟ ಸಣ್ಣ ಹೊಡೆತ ಹಿಡಿಯ ಮೇಲೆ ದೊಡ್ಡದಾಗಿ ಬಂದು ಬೀಳುತ್ತದೆ. ಏತದ ಮರದ ನ್ಯಾಯವೇ ಇದು. ಆದುದರಿಂದ ಹಿಡಿಯೂ ಅಷ್ಟೇ ಉದ್ದವಿರಬೇಕು. ಕೆಲಸಗಾರ ಅದನ್ನು ಕಂಕುಳಲ್ಲಿ ಅವುಚಿಕೊಂಡು ಇಡೀ ಮೈಯಿಂದ ಹಿಡಿಯಬೇಕು. ಒಳಗೆ ಕೂಡಿಕೊಂಡ ಹೊಟ್ಟನ್ನು ಆಗಾಗ ನಿಲ್ಲಿಸಿ ತೆಗೆಯಬೇಕು; ಇಲ್ಲವಾದರೆ ಅದು ಉಳಿಯನ್ನು ಅಮುಕಿ ಹಿಡಿಯುತ್ತದೆ.

ಬಾಯಿ ಕಿರಿದಾಗಿದ್ದರೆ ಒಳಗೆ ಏನು ನಡೆಯುತ್ತಿದೆ ಎಂಬುದು ಕಾಣುವುದಿಲ್ಲ. ಹಾಗಾದರೆ ಗೋಡೆ ಎಷ್ಟು ತೆಳುವಾಯಿತು ಎಂದು ತಿಳಿಯುವ ಬಗೆ ಯಾವುದು? ನಮ್ಮೂರಿನ ಹಿರಿಯ ಬಡಿಗರೊಬ್ಬರು ಗುಂಬದ ಕೊರಡಿನಲ್ಲಿ ಮಿಕ್ಕ ತುಂಡಿನಿಂದ ಕಾಳು ಹಾಕುವ ಮರಿಗೆಯೊಂದನ್ನು ಕಡೆಯುತ್ತಿದ್ದಾಗ ನಾನು ಇದನ್ನೇ ಕೇಳಿದೆ. ಅವರಿಗೆ ಊರಿನ ಹುಡುಗರೆಲ್ಲ ಮೊಮ್ಮಕ್ಕಳೇ. “ಒಳಗ ಕಾಣಂಗಿಲ್ಲಲ್ಲ ತಾತ, ಹೆಂಗ ಗೊತ್ತಾಗತೈತಿ?” ಎಂದರೆ, “ಕಣ್ಣಿಗೆ ಕಾಣದ್ದು ಕಿವಿಗೆ ಕೇಳಸ್ತೈತಿ, ಸುಮ್ನ ನಿಂತು ಕೇಳು” ಎಂದರು. ಕೇಳಿದೆ. ಗೋಡೆ ದಪ್ಪವಿದ್ದಾಗ ಉಳಿಯ ಸದ್ದು ಗೊಗ್ಗರಾಗಿ, ಮಂದವಾಗಿ ಇತ್ತು. ಮರ ಕಳೆದಂತೆ ಸದ್ದು ಬದಲಾಗುತ್ತ ಬಂತು. ಒಂದು ಹಂತದಲ್ಲಿ ಅವರು ಉಳಿಯನ್ನು ಹೊರಗೆ ಎಳೆದು, ಹಗ್ಗ ಎಳೆಯುವವರಿಗೆ ಕೈ ಮಾಡಿ ನಿಲ್ಲಿಸಿ, ಬೆರಳಿನ ಗೆಣ್ಣಿನಿಂದ ಮರಿಗೆಯ ಹೊಟ್ಟೆಯನ್ನು ನಾಲ್ಕಾರು ಕಡೆ ತಟ್ಟಿ ನೋಡಿದರು. ಒಂದು ಜಾಗದಲ್ಲಿ ಮಾತ್ರ ನಾದ ಬೇರೆಯಾಗಿತ್ತು. ಅಲ್ಲಿ ಇನ್ನೂ ಎರಡು ಕಚ್ಚು ತೆಗೆದರು. ಮೃದಂಗ ಮಾಡುವವನು ಹಲಸಿನ ಕೊರಡನ್ನು ಟೊಳ್ಳು ಮಾಡುವಾಗಲೂ ತನ್ನ ಕಿವಿಯನ್ನೇ ನಂಬುತ್ತಾನೆ. ಪಾತ್ರೆಗೂ ವಾದ್ಯಕ್ಕೂ ಇರುವ ನಂಟು ಇಲ್ಲಿ ಹುಟ್ಟುತ್ತದೆ ಎಂದು ನನಗೆ ತೋರುತ್ತದೆ.

ದೂರದ ಅಮೆರಿಕದಲ್ಲಿ ಇದೇ ಕೆಲಸ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಲೆಯ ಪಟ್ಟವನ್ನು ಏರಿತು. ಅಟ್ಲಾಂಟದ ವಾಸ್ತುಶಿಲ್ಪಿ ಎಡ್ ಮೌಲ್‌ತ್ರಾಪ್ (1916–2003) ಬೃಹತ್ ಕೊರಡುಗಳನ್ನು ಕಡೆದು ಭಾರಿ ಪಾತ್ರೆಗಳನ್ನು ಮಾಡಿದ. ಅದಕ್ಕೆ ಬೇಕಾದ ತಿರುಗಣೆಯನ್ನೂ ಉಳಿಗಳನ್ನೂ ಅವನೇ ರೂಪಿಸಿಕೊಳ್ಳಬೇಕಾಯಿತು. ಬಿರುಕಿನ ಸಮಸ್ಯೆಗೆ ಅವನು ಕಂಡುಕೊಂಡ ದಾರಿ ರಸಾಯನದ್ದು. ಹಸಿಯಾಗಿ ಕಡೆದ ಪಾತ್ರೆಯನ್ನು ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಮೇಣದಂಥ ವಸ್ತುವಿನ ದ್ರಾವಣದಲ್ಲಿ ಬಹುಕಾಲ ಮುಳುಗಿಸಿಟ್ಟರೆ, ಕೋಶದ ಗೋಡೆಯೊಳಗಿನ ನೀರಿನ ಜಾಗಕ್ಕೆ ಅದು ಬಂದು ಕೂರುತ್ತದೆ. ಕುಗ್ಗುವುದಕ್ಕೆ ಎಡೆಯೇ ಉಳಿಯುವುದಿಲ್ಲ. ಡೇವಿಡ್ ಎಲ್ಸ್‌ವರ್ತ್ ಎಂಬ ಇನ್ನೊಬ್ಬ ಕಲಾವಿದ 1970ರ ದಶಕದಿಂದ, ಕಿರಿದಾದ ಬಾಯಿಯ ಮೂಲಕ ಬಾಗಿದ ಉಳಿಯನ್ನು ತೂರಿಸಿ ಅತಿ ತೆಳುವಾದ ಗೋಡೆಯ ಟೊಳ್ಳು ಪಾತ್ರೆಗಳನ್ನು ಕಡೆದು ಹೆಸರಾದ. ಇವರ ಪಾತ್ರೆಗಳಲ್ಲಿ ಕಾಳು ತುಂಬುವುದಿಲ್ಲ. ಅವು ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಕುಳಿತಿವೆ. ನನಗೆ ಅದರ ಬಗ್ಗೆ ಆಕ್ಷೇಪವಿಲ್ಲ. ಆದರೆ ಭತ್ತದ ಚೀಲಗಳ ಭಾರವನ್ನು ಹೊರಲೆಂದು ಕಡೆದ ಟೊಳ್ಳಿಗೂ, ನೋಡಲೆಂದು ಕಡೆದ ಟೊಳ್ಳಿಗೂ ಬೇಕಾದ ಕೈ ಒಂದೇ, ಕಿವಿ ಒಂದೇ ಎಂಬುದನ್ನು ಮರೆಯಬಾರದು. ಒಂದನ್ನು ಕಲೆ, ಇನ್ನೊಂದನ್ನು ಕಸುಬು ಎಂದು ಬೇರೆ ಬೇರೆ ಪಂಕ್ತಿಯಲ್ಲಿ ಕೂರಿಸಿದವರು ಮಾಡಿದವರಲ್ಲ, ನೋಡಿದವರು.

ಹಳೆಯದನ್ನು ಹೊಗಳುವ ಭರದಲ್ಲಿ ಅದರ ಬೆವರನ್ನು ಮರೆಯುವ ಅಭ್ಯಾಸ ನಮ್ಮಂಥ ಸಾಹಿತ್ಯದವರಿಗೆ ಉಂಟು. ಹಗ್ಗದ ತಿರುಗಣೆಯಲ್ಲಿ ಮರ ಒಂದು ದಿಕ್ಕಿಗೆ ತಿರುಗುವಾಗ ಮಾತ್ರ ಉಳಿ ಕಚ್ಚುತ್ತದೆ; ಮರಳುವಾಗ ಅದನ್ನು ಹಿಂದೆಗೆಯಬೇಕು. ಎಳೆದ ಶಕ್ತಿಯಲ್ಲಿ ಅರ್ಧ ವ್ಯರ್ಥ. ಎಳೆಯುವವರು ಯಾರು? ಬಡಿಗರ ಮನೆಯ ಹೆಂಗಸರು, ಎಳೆಯ ಹುಡುಗರು. ಒಂದು ಗುಂಬ ಮುಗಿಯುವಷ್ಟರಲ್ಲಿ ಅವರ ಅಂಗೈಗಳಲ್ಲಿ ಬೊಬ್ಬೆ. ಆಯದ ಜೋಳ ಅಳೆಯುವಾಗ ಉಳಿ ಹಿಡಿದವರ ಹೆಸರನ್ನು ಹೇಳುತ್ತಿದ್ದರೇ ಹೊರತು ಹಗ್ಗ ಎಳೆದವರನ್ನು ನೆನೆಯುತ್ತಿರಲಿಲ್ಲ. ವಿದ್ಯುತ್ತಿನ ಮೋಟಾರು ಬಂದು ಆ ತೋಳುಗಳನ್ನು ಬಿಡಿಸಿತು. ಮರ ಒಂದೇ ದಿಕ್ಕಿಗೆ ಎಡೆಬಿಡದೆ ತಿರುಗುವಂತಾಯಿತು. ಚನ್ನಪಟ್ಟಣದಲ್ಲಿ ಇಂದು ಹೆಣ್ಣುಮಕ್ಕಳು ಹಗ್ಗವನ್ನು ಎಳೆಯದೆ ಉಳಿಯನ್ನೇ ಹಿಡಿದು ಮೋಟಾರಿನ ಲೇತ್ ಮುಂದೆ ಕುಳಿತಿರುವುದನ್ನು ಕಾಣಬಹುದು. ಇದು ನಷ್ಟವಲ್ಲ. ಧೂಳು ಶ್ವಾಸಕೋಶಕ್ಕೆ ಹೋಗುವುದು, ದುಡಿಮೆಗೆ ತಕ್ಕ ಬೆಲೆ ಬಾರದಿರುವುದು, ಇವು ಹಗ್ಗದ ಕಾಲದಿಂದ ಮೋಟಾರಿನ ಕಾಲಕ್ಕೆ ಹಾಗೆಯೇ ದಾಟಿ ಬಂದ ಕಷ್ಟಗಳು.

ರಾರಾವಿಯ ಸೀಮೆಗೆ ಮೋಟಾರು ಬೇರೆ ರೀತಿಯಲ್ಲಿ ಬಂತು. ರಬ್ಬರ್ ಟೈರಿನ ಗಾಡಿ ಬಂತು, ಅದಕ್ಕೆ ಮರದ ಗುಂಬ ಬೇಡ. ಟ್ರ್ಯಾಕ್ಟರ್ ಬಂತು, ಅದಕ್ಕೆ ಎತ್ತೂ ಬೇಡ. ಕಾಳಿನ ಮರಿಗೆಯ ಜಾಗಕ್ಕೆ ಸ್ಟೀಲಿನ ಡಬ್ಬಿ, ಪ್ಲಾಸ್ಟಿಕ್ಕಿನ ಡ್ರಮ್ಮು ಬಂದವು. ಯಾರೂ ಬಡಿಗರನ್ನು ಓಡಿಸಲಿಲ್ಲ. ಅವರ ಬಾಗಿಲಿಗೆ ಬರುವುದನ್ನು ನಿಲ್ಲಿಸಿದರು, ಅಷ್ಟೇ. ಅವರ ಮಕ್ಕಳು ಬಾಗಿಲು, ಕಿಟಕಿ, ಮಂಚಗಳ ಕೆಲಸಕ್ಕೆ ಪಟ್ಟಣಗಳಿಗೆ ಹೋದರು, ಹೋದದ್ದು ಸರಿಯೇ. ಕೊರಡಿನ ಒಳಗನ್ನು ಕಿವಿಯಿಂದ ಅಳೆಯುವ ವಿದ್ಯೆಯನ್ನು ಕೇಳುವವರೇ ಇಲ್ಲದಿದ್ದರೆ ಅದನ್ನು ಹೊತ್ತುಕೊಂಡು ಅವರು ಏನು ಮಾಡಬೇಕಿತ್ತು?

ಈ ಪ್ರಶ್ನೆ ನಮ್ಮ ಸೀಮೆಗೆ ಮಾತ್ರ ಎದುರಾದದ್ದಲ್ಲ. ಇಂಗ್ಲೆಂಡಿನ ಬರ್ಕ್‌ಷೈರ್ ಸೀಮೆಯ ಬಕಲ್‌ಬರಿಯಲ್ಲಿ ಜಾರ್ಜ್ ಲೇಲಿ ಎಂಬ ಬಟ್ಟಲು ಕಡೆಯುವವನು ಇದ್ದ. ಕಾಲಿನಿಂದ ತುಳಿದು ನಡೆಸುವ ತಿರುಗಣೆ ಅವನದು. ಎಲ್ಮ್ ಮರದ ಒಂದೇ ಕೊರಡಿನೊಳಗಿಂದ, ಒಂದರೊಳಗೊಂದು ಕೂರುವ ಬಟ್ಟಲುಗಳನ್ನು ಅವನು ಬಾಗಿದ ಉಳಿಯಿಂದ ಬಿಡಿಸಿ ತೆಗೆಯುತ್ತಿದ್ದ. ಉಳಿದವರು ಹೊಟ್ಟು ಮಾಡಿ ಚೆಲ್ಲುವ ಮರ ಅವನಿಗೆ ಎರಡನೆಯ, ಮೂರನೆಯ ಬಟ್ಟಲಾಗುತ್ತಿತ್ತು. ಅವನ ಕೈಕೆಳಗೆ ಕಲಿಯಲು ಯಾರೂ ಬರಲಿಲ್ಲ. 1958ರಲ್ಲಿ ಅವನು ತೀರಿಕೊಂಡಾಗ ಆ ವಿದ್ಯೆ ಅಲ್ಲಿಗೆ ಮುಗಿಯಿತು ಎಂದೇ ಎಲ್ಲರೂ ಭಾವಿಸಿದರು. ಆದರೆ ಅವನ ತಿರುಗಣೆಯನ್ನೂ ಉಳಿಗಳನ್ನೂ ರೆಡಿಂಗ್ ನಗರದ ಗ್ರಾಮೀಣ ಜೀವನದ ವಸ್ತುಸಂಗ್ರಹಾಲಯ ಎತ್ತಿಟ್ಟಿತ್ತು. ಮುಂದೆ 1990ರ ದಶಕದಲ್ಲಿ ರಾಬಿನ್ ವುಡ್ ಎಂಬಾತ ಆ ಸಾಮಗ್ರಿಯನ್ನು ಅಭ್ಯಾಸ ಮಾಡಿ, ಅದನ್ನು ಹೋಲುವ ತಿರುಗಣೆಯನ್ನು ಕಟ್ಟಿ, ಅಂಥ ಬಟ್ಟಲುಗಳನ್ನು ಮತ್ತೆ ಕಡೆಯತೊಡಗಿದ. ಇಂದು ಆ ಕೆಲಸವನ್ನು ಬಲ್ಲವರು ಹಲವರಿದ್ದಾರೆ. ಗುರುವಿಲ್ಲದೆ, ಉಪಕರಣಗಳನ್ನೇ ಗುರುವಾಗಿ ಮಾಡಿಕೊಂಡು ವಿದ್ಯೆ ಮರಳಿ ಬಂತು.

ನಮ್ಮಲ್ಲಿ ಏನು ಉಳಿದಿದೆ? ಗುಂಬಗಳು ಬಚ್ಚಲ ಒಲೆಗೆ ಹೋದವು. ಜಾಲಿಯ ಚೇಗು ಚೆನ್ನಾಗಿ ಉರಿಯುತ್ತದೆ. ಕಬ್ಬಿಣದ ಮೊನೆಗಳು ಗುಜರಿಗೆ ಹೋದವು. ಉಳಿದಿರುವುದು ಮಾತುಗಳು, ಅವೂ ಕೆಲವರ ನಾಲಗೆಯ ಮೇಲೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ನಮ್ಮ ಭಾಷೆಯ ಹೆಮ್ಮೆ. ಶಾಸನದಿಂದ ಹೊಸಗನ್ನಡದವರೆಗಿನ ಬರಹಕ್ಕೆ ಅದು ಕನ್ನಡಿ. ಆದರೆ ಬರಹವನ್ನು ಆಧರಿಸಿದ ಯಾವ ನಿಘಂಟೂ, ಎಂದೂ ಬರಹಕ್ಕೆ ಇಳಿಯದ ಬಡಿಗರ ಮಾತನ್ನು ಪೂರ್ತಿಯಾಗಿ ಹಿಡಿಯಲಾರದು. ಕೊರಡಿನ ನಡುಕಕ್ಕೆ ಒಂದು ಹೆಸರು, ಉಳಿ ಕಚ್ಚಿ ಜಾರುವುದಕ್ಕೆ ಒಂದು ಹೆಸರು, ಒಣಗಿ ಸೊಟ್ಟಗಾದ ಬಾಯಿಗೆ ಒಂದು ಹೆಸರು, ಹೀಗೆ ಪ್ರತಿಯೊಂದು ಅಂಗಳದಲ್ಲೂ ಇದ್ದ ಪದಗಳು ಆಯಾ ಅಂಗಳದ ಜೊತೆಗೇ ಅಳಿಯುತ್ತಿವೆ. ಪದವನ್ನು ಮಾತ್ರ ಬರೆದುಕೊಂಡರೆ ಸಾಲದು. ‘ಗುಂಬ: ಗಾಲಿಯ ಮಧ್ಯಭಾಗ’ ಎಂದು ಬರೆದರೆ ಕೋಶದ ಕೆಲಸ ಮುಗಿಯಬಹುದು, ಸಗಣಿಯ ಲೇಪ, ನೀರಿನ ತಿಂಗಳುಗಳು, ಗೆಣ್ಣಿನ ತಟ್ಟು ಇವು ಆ ಅರ್ಥದ ಹೊರಗೇ ನಿಲ್ಲುತ್ತವೆ. ಅವು ಹೋದರೆ ನಾಳೆ ಯಾರಿಗಾದರೂ ಬೇಕೆನಿಸಿದಾಗ ಹಿಡಿದು ನಡೆಯುವುದಕ್ಕೆ ದಾರಿಯೇ ಇರದು.

ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಕಾಲೇಜುಗಳಲ್ಲಿ ಕನ್ನಡ ಎಂ.ಎ. ಓದುವ, ಓದಿಸುವ ಗೆಳೆಯರಲ್ಲಿ ನನ್ನದೊಂದು ಬಿನ್ನಹ. ನಿಮ್ಮೂರಿನಲ್ಲಿ ಗಾಲಿ ಮಾಡಿದ ಕೈಗಳು ಇನ್ನೂ ಇರಬಹುದು. ಅವರು ಎಂಬತ್ತರ ಆಚೀಚೆ ಇದ್ದಾರು. ಒಂದು ನೋಟುಪುಸ್ತಕವನ್ನೂ, ದನಿ ಮುದ್ರಿಸುವ ಫೋನನ್ನೂ ಹಿಡಿದು ಅವರ ಜಗುಲಿಗೆ ಹೋಗಿ. ಪದವನ್ನು ಕೇಳಬೇಡಿ, ಕೆಲಸವನ್ನು ಕೇಳಿ. ಪದಗಳು ತಾವಾಗಿ ಹಿಂದೆ ಬರುತ್ತವೆ. ಆಗುವುದಾದರೆ ಒಂದು ಹಸಿ ಕೊರಡನ್ನು ಅವರ ಮುಂದೆ ಇಡಿ. ಕೈ ನಡುಗಿದರೂ ಅವರು ಮೊದಲು ಅದನ್ನು ತಟ್ಟಿ ನೋಡುತ್ತಾರೆ. ಆ ಸದ್ದನ್ನೂ, ಅದನ್ನು ಕೇಳಿ ಅವರು ಆಡುವ ಮಾತನ್ನೂ ಮುದ್ರಿಸಿಕೊಳ್ಳಿ. ಜಾಲಿ ಮರಗಳು ಎರೆಯ ಬದುಗಳಲ್ಲಿ ಈಗಲೂ ಇವೆ.